ಕಂಬಿ ಕಟ್ಟುವವರಿಗೂ ಕಟ್ಟಿಸುವವರಿಗೂ: ಮಾಡಬೇಕಾದ್ದು, ಮಾಡಬಾರದ್ದು

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನಲ್ಲಿ ಮನೆ ಕಟ್ಟಿಸುತ್ತಿರುವವರು ಮೋಲ್ಡ್ ಹಾಕುವ ಹಿಂದಿನ ದಿನವೇ ಇದನ್ನು ಓದಿ, ಮೇಸ್ತ್ರಿಗೂ ಓದಿ ಹೇಳಿ.

ಮಾಡಬಾರದ್ದು

ಮೊದಲು ಕರೆಂಟಿನ ಮಾತು. ಅಂಗಡಿಯಿಂದ ಬರುವ ಪೂರಾ ಕಂಬಿ 12 ಮೀಟರ್, ಅಂದರೆ ನಮ್ಮ 30–40 ಸೈಟಿನ ಉದ್ದದಷ್ಟೇ. ಅದನ್ನು ರಸ್ತೆಯಿಂದ ನೆಟ್ಟಗೆ ಎತ್ತಿ ಮಹಡಿಗೆ ಕೊಡಬೇಡಿ. ತುದಿ ಬಳುಕಿ ಬೆಸ್ಕಾಂ ತಂತಿಗೆ ತಾಗಿದರೆ ಹಿಡಿದವರ ಪ್ರಾಣ ಹೋಗುತ್ತದೆ. ಕೆಳಗೇ ಅಳತೆಗೆ ಕತ್ತರಿಸಿ, ತಂತಿಯಿಲ್ಲದ ಮಗ್ಗುಲಿಂದ ಸಾಗಿಸಿ. ಬೇರೆ ದಾರಿಯಿಲ್ಲವೆಂದರೆ ಬೆಸ್ಕಾಂಗೆ ಹೇಳಿ, ಲೈನ್ ಆಫ್ ಆಗುವ ತನಕ ಕಂಬಿ ಮುಟ್ಟಬೇಡಿ.

ಕಂಬಿಯ ಕೆಳಗೆ ಜೆಲ್ಲಿ, ಟೈಲ್ಸ್ ಚೂರು ಕೊಡಬೇಡಿ. ಕಂಬಿ ಹಾಸಿದ ಮೇಲೆ ಹಲಗೆಗೆ ಎಣ್ಣೆ ಬಳಿಯಬೇಡಿ. ಬೆಂಗಳೂರಿಗೆ ಭೂಕಂಪ ಬರಲ್ಲ ಅಂತ ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೇ ಬಿಡಬೇಡಿ.

ಮಾಡಬೇಕಾದ್ದು

ಬಾಲ್ಕನಿ, ಸಜ್ಜಾದ ವಿಷಯದಲ್ಲಿ ರಾಜಿ ಬೇಡವೇ ಬೇಡ. ಗೋಡೆಯಾಚೆ ಚಾಚಿದ ಸ್ಲ್ಯಾಬು ಬಾಗಿದಾಗ ಬಿರಿಯುವುದು ಮೇಲ್ಗಡೆ. ಅದಕ್ಕೇ ಮುಖ್ಯ ಕಂಬಿ ಮೇಲಿರಬೇಕು. ಸಂಜೆ ಸರಿಯಾಗಿಯೇ ಕಟ್ಟಿರುತ್ತಾರೆ. ಬೆಳಿಗ್ಗೆ ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ, ಹೆಜ್ಜೆ ಹೆಜ್ಜೆಗೂ ಕಂಬಿ ಕುಸಿಯುತ್ತದೆ, ಯಾರೂ ಬಗ್ಗಿ ನೋಡುವುದಿಲ್ಲ. 5 ಇಂಚಿನ ಸ್ಲ್ಯಾಬಿನಲ್ಲಿ ಆ ಕಂಬಿ 2 ಇಂಚು ಇಳಿಯಿತೆಂದರೆ ಬಾಲ್ಕನಿಯ ಬಲ ಹೆಚ್ಚುಕಡಿಮೆ ಅರ್ಧ ಹೋಯಿತು. ಮೇಲೆ ನೋಡಿದರೆ ಕಾಂಕ್ರೀಟ್ ನುಣ್ಣಗೇ ಕಾಣುತ್ತದೆ! ಆದ್ದರಿಂದ 3 ಅಡಿಗೊಂದು ಕಂಬಿಯ ಕುರ್ಚಿ ಇಡಿ, ಓಡಾಡಲು ಹಲಗೆ ಹಾಸಿ, ಕುಸಿದ ಕಂಬಿ ಎತ್ತಲೆಂದೇ ಒಬ್ಬರನ್ನು ಅಲ್ಲೇ ನಿಲ್ಲಿಸಿ.

ಕವರ್ ಬ್ಲಾಕ್ ಸ್ಲ್ಯಾಬಿಗೆ 20 ಮಿ.ಮೀ., ಬೀಮಿಗೆ 25, ಪಿಲ್ಲರಿಗೆ 40, ಪಾಯಕ್ಕೆ 50. ರಿಂಗಿನ ಕೊಕ್ಕೆ 135 ಡಿಗ್ರಿಗೆ ಒಳಕ್ಕೆ ಬಾಗಿರಲಿ, 8 ಮಿ.ಮೀ. ರಿಂಗಾದರೆ ಬಾಗಿದ ತುದಿ 65 ಮಿ.ಮೀ.ಗೆ ಕಡಿಮೆ ಬೇಡ. ಡ್ರಾಯಿಂಗಿನಲ್ಲಿ 50 ಪಟ್ಟು ಜೋಡಣೆ ಎಂದಿದ್ದರೆ 12 ಮಿ.ಮೀ. ಕಂಬಿಗೆ 600 ಮಿ.ಮೀ., ಅಂದಾಜು 2 ಅಡಿ. ಎಲ್ಲ ಜೋಡಣೆಯೂ ಒಂದೇ ಕಡೆ ಬರದಿರಲಿ, ಬೀಮು–ಪಿಲ್ಲರ್ ಸೇರುವಲ್ಲಂತೂ ಕೂಡದು.

ತಾರಸಿಯಲ್ಲಿ ಎದ್ದುನಿಂತ ಕಂಬಿ ತುದಿಗಳಿಗೆಲ್ಲ ಕ್ಯಾಪ್ ಹಾಕಿ. ಕಂಬಿ ಕಟ್ಟುವವರಿಗೆ ಗ್ಲೌಸ್, ಶೂ, ಹೆಲ್ಮೆಟ್ ಕೊಡಿಸುವುದು ಮಾಲೀಕರ ಕೆಲಸ. ಎಂಜಿನಿಯರ್ ಟೇಪು ಹಿಡಿದು ನೋಡಿ ಸಹಿ ಹಾಕುವ ತನಕ ಮಿಕ್ಸರ್ ಕರೆಸಬೇಡಿ.