ಶಾಲೆಯ ಬ್ಯಾಂಡಿಗೆ ಒಳ್ಳೆಯ ಗುರು ಯಾರು?

ಆಗಸ್ಟ್ ೧೫ ಹತ್ತಿರವಾದಂತೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಶಾಲಾ ಮೈದಾನಗಳಲ್ಲಿ ಡ್ರಮ್ಮಿನ ಸದ್ದು ಕೇಳತೊಡಗುತ್ತದೆ. ಧ್ವಜವಂದನೆಯ ದಿನ ತಮ್ಮ ಮಗುವೂ ಬ್ಯಾಂಡಿನಲ್ಲಿ ಹೆಜ್ಜೆ ಹಾಕಿದರೆ ತಾಯಿತಂದೆಯರಿಗೆ ಎಲ್ಲಿಲ್ಲದ ಹೆಮ್ಮೆ. ಆದರೆ ಆ ಮಕ್ಕಳನ್ನು ಆರಿಸಿ ತಿದ್ದುವ ಗುರು ಎಂಥವರಿರಬೇಕು? ಪ್ರಿಯ ಪಾಲಕರೇ, ಈ ವಾರ ಇದನ್ನು ಸ್ವಲ್ಪ ಯೋಚಿಸೋಣ.

ಮೊದಲನೆಯದಾಗಿ, ಅವರಿಗೆ ಕೆಲಸ ಗೊತ್ತಿರಬೇಕು. ದಾವೀದ ಅರಸ ದೇವರ ಮಂಜೂಷವನ್ನು ಜೆರುಸಲೇಮಿಗೆ ತಂದಾಗ ಗಾಯನದ ಮೇಲ್ವಿಚಾರಣೆ ಕೆನನ್ಯನ ಪಾಲಿಗೆ ಬಂತು. ಅವನು ಅದರಲ್ಲಿ ನುರಿತವನಾಗಿದ್ದನೆಂಬುದೇ ಕಾರಣ (೧ ಪೂರ್ವಕಾಲ ೧೫:೨೨). ಭಕ್ತಿಯಿದ್ದರೆ ಸಾಲದು, ಅಭ್ಯಾಸವೂ ಬೇಕು. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲು ನೆಲಕ್ಕೆ ತಾಗುವಾಗಲೇ ಬೀಳಬೇಕು. ಅದು ತಪ್ಪಿದರೆ ಇಡೀ ಸಾಲು ತಪ್ಪುತ್ತದೆ. ಕಹಳೆಯ ಧ್ವನಿ ಸ್ಪಷ್ಟವಿಲ್ಲದಿದ್ದರೆ ಯುದ್ಧಕ್ಕೆ ಸಿದ್ಧರಾಗುವವರು ಯಾರೆಂದು ಸಂತ ಪೌಲರೂ ಕೇಳುತ್ತಾರೆ (೧ ಕೊರಿಂಥ ೧೪:೮). ಬಲ್ಲ ಗುರು ಮೊದಲು ನಿಧಾನವಾಗಿ ಬಾರಿಸಲು ಹೇಳುತ್ತಾರೆ, ವೇಗವನ್ನು ಆಮೇಲೆ ಹೆಚ್ಚಿಸುತ್ತಾರೆ. ಸದ್ದು ಹೆಚ್ಚಾದಷ್ಟೂ ಸಂಗೀತ ಚೆನ್ನ ಎಂಬ ಭ್ರಮೆ ಅವರಿಗಿರುವುದಿಲ್ಲ. ಮಕ್ಕಳ ಕಿವಿಗೆ ಆಗಾಗ ವಿಶ್ರಾಂತಿ ಕೊಡುತ್ತಾರೆ.

ಎರಡನೆಯದಾಗಿ, ಅವರು ತಾಳ್ಮೆಯುಳ್ಳವರು. ತಾಳ ತಪ್ಪಿದ ಮಗುವನ್ನು ಎಲ್ಲರೆದುರು ಗದರಿಸಿದರೆ ಅದು ಮರುದಿನ ಬಾರಿಸುವುದು ಹೆದರಿಕೆಯಿಂದ. ಹೆದರಿದ ಕೈ ಬಿಗಿಯುತ್ತದೆ, ಬಿಗಿದ ಕೈಯಿಂದ ತಾಳ ಇನ್ನಷ್ಟು ಕೆಡುತ್ತದೆ. ಒಳ್ಳೆಯ ಗುರು ಆ ಮಗುವನ್ನು ಪಕ್ಕಕ್ಕೆ ಕರೆದು, ಕೋಲು ಹಿಡಿಯುವ ಬಗೆಯನ್ನು ಮತ್ತೊಮ್ಮೆ ತೋರಿಸುತ್ತಾರೆ.

ಮೂರನೆಯದೇ ಮುಖ್ಯ. ದೇವಾಲಯದ ಸೇವೆಗೆ ದಾವೀದನ ಕಾಲದಲ್ಲಿ ತರಬೇತಾದ ೨೮೮ ಸಂಗೀತಗಾರರಿದ್ದರು. ಅವರ ಸರದಿಯನ್ನು ಚೀಟು ಹಾಕಿ ಗೊತ್ತುಮಾಡಲಾಯಿತು. ಚಿಕ್ಕವರು ದೊಡ್ಡವರು, ಗುರು ಶಿಷ್ಯರು ಎಂಬ ಭೇದ ಅಲ್ಲಿರಲಿಲ್ಲ (೧ ಪೂರ್ವಕಾಲ ೨೫:೭-೮). ನಮ್ಮ ಶಾಲೆಗಳಲ್ಲಿ ಹೀಗಿದೆಯೇ? ಬೂಟು ಕೊಳ್ಳಲಾಗದ ಮಗು, ಸಂಜೆಯ ಬಸ್ಸು ತಪ್ಪಿದರೆ ಕಾಡುದಾರಿಯಲ್ಲಿ ನಡೆಯಬೇಕಾದ ಮಗು ಬ್ಯಾಂಡಿನಿಂದ ತಾನಾಗಿಯೇ ಹೊರಗುಳಿಯುತ್ತದೆ. ಯಾರೂ ಅದನ್ನು ಬೇಡವೆಂದಿರುವುದಿಲ್ಲ. ಬಾ ಎಂದೂ ಕರೆದಿರುವುದಿಲ್ಲ. ಇದನ್ನು ಗಮನಿಸುವ ಗುರು ಅಭ್ಯಾಸವನ್ನು ಮಧ್ಯಾಹ್ನದ ಬಿಡುವಿಗೆ ತರುತ್ತಾರೆ, ಸಮವಸ್ತ್ರವನ್ನು ಶಾಲೆಯಲ್ಲೇ ಇರಿಸಿ ಸರದಿಯಂತೆ ಕೊಡಿಸುತ್ತಾರೆ.

ನಾಲ್ಕನೆಯದಾಗಿ, ಮಕ್ಕಳು ಮನೆಯಿಂದ ತರುವ ಸಂಗೀತವನ್ನು ಅವರು ಗೌರವಿಸುತ್ತಾರೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಡಮಾಮಿ ವಾದ್ಯ ಮೂವರಿಗೂ ಸೇರಿದ್ದು. ಹಟ್ಟಿಯಲ್ಲಿ ಅದರ ತಾಳಕ್ಕೆ ಕುಣಿದು ಬೆಳೆದ ಸಿದ್ದಿ ಮಗುವಿಗೆ ಲಯವನ್ನು ಮೊದಲಿನಿಂದ ಕಲಿಸಬೇಕಾಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ ದೈವಾರಾಧನೆಯ ಕುರಿತು ಹೊರಡಿಸಿದ ಸಂವಿಧಾನದ ೧೧೯ನೆಯ ಪರಿಚ್ಛೇದದಲ್ಲಿ ಇದೇ ಮಾತಿದೆ: ಜನರ ಸ್ವಂತ ಸಂಗೀತಕ್ಕೆ ತಕ್ಕ ಬೆಲೆ ಸಿಗಬೇಕು, ಪ್ರೇಷಿತ ಸೇವಕರು ಅದನ್ನು ಶಾಲೆಗಳಲ್ಲೂ ಆರಾಧನೆಯಲ್ಲೂ ಬೆಳೆಸಬೇಕು. ಬಹುಮಾನದ ದಿನ ಕವಾಯತಿನ ಡ್ರಮ್ಮಿನ ಪಕ್ಕದಲ್ಲಿ ಡಮಾಮಿಗೂ ಜಾಗವಿದ್ದರೆ, ಅದನ್ನು ಬಾರಿಸುವ ಮಗು ತನ್ನ ಅಜ್ಜನ ಬಗ್ಗೆ ನಾಚಿಕೊಳ್ಳುವುದಿಲ್ಲ.

ಪಾಲಕರಾದ ನಮಗೂ ಕರ್ತವ್ಯವಿದೆ. ನಮ್ಮ ಮಗುವೇ ಮುಂದಿನ ಸಾಲಿನಲ್ಲಿ ಇರಬೇಕೆಂದು ಗುರುವನ್ನು ಒತ್ತಾಯಿಸಬಾರದು. ಮನೆಯಲ್ಲಿ ಅಭ್ಯಾಸದ ಸದ್ದನ್ನು ಸಹಿಸಬೇಕು. ಪಾಲಕರ ಸಭೆಯಲ್ಲಿ ‘ನಮ್ಮ ಬ್ಯಾಂಡಿನಲ್ಲಿ ಯಾವ ಮಕ್ಕಳಿಲ್ಲ, ಏಕಿಲ್ಲ?’ ಎಂದು ಒಮ್ಮೆ ಕೇಳಬೇಕು.

ನವೆಂಬರ್ ೨೨ ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬ. ಅಂದು ಕುಟುಂಬ ಪ್ರಾರ್ಥನೆಯಲ್ಲಿ ಬ್ಯಾಂಡ್ ಗುರುಗಳನ್ನು ನೆನೆಯಿರಿ. ದೂರದ ಹಟ್ಟಿಯಿಂದ ಬರುವ ಮಗುವಿನ ಬೂಟಿಗಾಗಿ ಕೈಲಾದಷ್ಟನ್ನು ಕೊಡಿ.