ಏಳಿಗೆಯ ಹಂಬಲವೂ ಅದರ ಹದವೂ

ನಿನ್ನೆಗಿಂತ ಇಂದು ಒಂದಿಷ್ಟು ಮೇಲಾಗಬೇಕೆಂಬ ಹಂಬಲವು ಮನುಷ್ಯಮಾತ್ರರಿಗೆಲ್ಲ ಸಹಜವಾದುದು. ವಿದ್ಯಾಶಾಲೆಗಳು ನಿಂತಿರುವದು ಆ ಹಂಬಲದ ಮೇಲೆಯೇ. ಆದರೆ ಇದೇ ಹಂಬಲವು ಕೆಲವು ಬಾಲಿಕೆಯರ ಮನಸ್ಸಿನಲ್ಲಿ ಬೇರೊಂದು ರೂಪವನ್ನು ತಾಳುವದನ್ನು ಶಿಕ್ಷಕವರ್ಗದವರಾದ ನಾವು ವರುಷ ವರುಷವೂ ಕಾಣುತ್ತಲಿದ್ದೇವೆ. ‘ಚೆನ್ನಾಗಿ ಮಾಡಬೇಕು’ ಎಂಬ ಮಾತು ಮೆಲ್ಲಮೆಲ್ಲನೆ ‘ಒಂದೂ ತಪ್ಪಿಲ್ಲದೆ ಮಾಡಬೇಕು’ ಎಂದಾಗುವದು. ಕಡೆಗೆ ‘ತಪ್ಪಾಗುವದಾದರೆ ಮಾಡಲೇಬಾರದು’ ಎಂದು ಬಂದು ನಿಲ್ಲುವದು. ಮೊದಲನೆಯ ಮಾತು ಏಣಿಯಾದರೆ ಕಡೆಯದು ಮುಚ್ಚಿದ ಬಾಗಿಲು. ಒಂದರಿಂದ ಇನ್ನೊಂದಕ್ಕೆ ಮಕ್ಕಳು ಹೇಗೆ ಜಾರುತ್ತಾರೆಂಬುದನ್ನು ಈ ಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ನಮ್ಮೊಡನೆ ಕೊಂಚ ವಿಚಾರಿಸಬೇಕೆಂದು ಬೇಡುತ್ತೇವೆ.

ಇದರ ಲಕ್ಷಣಗಳು ಮೇಲುನೋಟಕ್ಕೆ ದೋಷಗಳಾಗಿ ತೋರುವದಿಲ್ಲ. ಉತ್ತರವನ್ನು ಬಲ್ಲವಳಾದರೂ ಬಾಲಿಕೆಯು ಕೈಯೆತ್ತುವದಿಲ್ಲ. ಒಂದು ಅಕ್ಷರ ಸೊಟ್ಟಗಾದರೆ ಹಾಳೆಯನ್ನೇ ಹರಿಯುವಳು. ಹೀಗೆ ಹರಿದು ಹರಿದು ಆಕೆಯ ನೋಟುಪುಸ್ತಕವು ದೀಪಾವಳಿಯೊಳಗಾಗಿ ಅರ್ಧವಾಗಿರುವದು. ನಿಬಂಧದ ಮೊದಲ ವಾಕ್ಯವನ್ನು ಐದು ಸಾರೆ ಬರೆದು ಐದು ಸಾರೆ ಹೊಡೆದುಹಾಕುವಷ್ಟರಲ್ಲಿ ಗಂಟೆ ಬಾರಿಸುವದು. ನೋಡಿದವರು ‘ಎಷ್ಟು ಅಚ್ಚುಕಟ್ಟಿನ ಹುಡುಗಿ’ ಎಂದು ಹೊಗಳುವರು. ರೋಗವು ಗುಣದ ಹೆಸರನ್ನು ಹೊತ್ತು ಬೆಳೆಯುವದು ಹೀಗೆ. ತುಂಟ ಹುಡುಗಿಯ ವಿಷಯದಲ್ಲಿ ಮನೆಯವರೂ ಶಾಲೆಯವರೂ ಬೇಗ ಎಚ್ಚರಗೊಳ್ಳುತ್ತಾರೆ. ಇಂಥವಳ ವಿಷಯದಲ್ಲಿಯೋ ಎಲ್ಲರೂ ನಿಶ್ಚಿಂತರು.

ಈ ಎರಡು ಹಂಬಲಗಳನ್ನು ಬೇರ್ಪಡಿಸಿ ನೋಡುವದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಶಬ್ದವಿದೆ. ಅದು ‘ಹದ’. ಹಂಸಭಾವಿ, ಹಿರೇಕೆರೂರು ಕಡೆಯ ಒಕ್ಕಲು ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಾರಿನ ಮಳೆ ಬಿದ್ದ ಮೇಲೆ ರೈತನು ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡುವನು. ಮಣ್ಣು ಕೈಗೆ ಮೆತ್ತಿಕೊಂಡರೆ ಇನ್ನೂ ಹಸಿ. ಉಂಡೆಗಟ್ಟದೆ ಉದುರಿದರೆ ತೇವ ಸಾಲದು. ಉಂಡೆಯಾಗಿ ನಿಂತು, ಬೆರಳು ತಾಗಿದೊಡನೆ ಒಡೆದರೆ ಹದ ಬಂದಿತೆಂದು ಬಿತ್ತಿಗೆಗೆ ತೊಡಗುವನು. ಎರೆಯ ಹೊಲಕ್ಕೆ ಒಂದು ಹದ, ಮಸಾರಿಗೆ ಇನ್ನೊಂದು. ಇನ್ನೂ ಒಳ್ಳೆಯ ದಿನ ಬಂದೀತೆಂದು ಕಾಯುತ್ತ ಕುಳಿತವನ ಹೊಲವು ಬಿಸಿಲಿಗೆ ಆರಿಹೋಗುವದು, ಇಲ್ಲವೆ ಮರುದಿನದ ಮಳೆಗೆ ಕೆಸರಾಗುವದು. ಬಿತ್ತಿದ್ದೆಲ್ಲವೂ ಮೊಳೆಯುವದಿಲ್ಲವೆಂಬುದನ್ನು ಅವನು ಬಲ್ಲನು. ಗೋವಿನಜೋಳವೇ ಇರಲಿ, ಹತ್ತಿಯೇ ಇರಲಿ, ಸಾಲಿನಲ್ಲಿ ಬರಿದಾಗಿ ಉಳಿದ ಕಡೆ ಮರಳಿ ಬೀಜವೂರುವನು. ಕಳೆ ಬಂದರೆ ಎಡೆ ಹೊಡೆಯುವನು. ತಿದ್ದುವ ಕೆಲಸವು ಅವನ ಬೇಸಾಯದ ಒಂದು ಅಂಗವೇ ಹೊರತು ಬೇಸಾಯ ಕೆಟ್ಟುದರ ಗುರುತಲ್ಲ.

ಅಡಿಗೆಯ ಮನೆಯಲ್ಲಿಯೂ ಇದೇ ನ್ಯಾಯ. ಜೋಳದ ರೊಟ್ಟಿಯನ್ನು ಬಡಿಯಲು ಕಲಿಯುವ ಹುಡುಗಿಯ ಮೊದಲನೆಯ ರೊಟ್ಟಿಗಳು ಅಂಚು ಒಡೆದು ಯಾವ ದೇಶದ ನಕಾಶೆಯನ್ನೋ ಹೋಲುವವು. ಅವ್ವನು ಅವುಗಳನ್ನೂ ಹಂಚಿನ ಮೇಲೆ ಬೇಯಿಸುವಳು, ಮನೆಯವರು ಅವುಗಳನ್ನೂ ಉಣ್ಣುವರು. ಹಿಟ್ಟಿಗೆ ಬಿಸಿನೀರು ಎಷ್ಟು, ನಾದುವದು ಎಷ್ಟು ಹೊತ್ತು, ಕೈಯ ಭಾರ ಎಷ್ಟು ಎಂಬುದು ಪುಸ್ತಕದಿಂದ ಬರುವ ಜ್ಞಾನವಲ್ಲ. ಒಡೆದ ರೊಟ್ಟಿಗಳೇ ಅದನ್ನು ಕಲಿಸುವವು. ಇದೇ ಮನೆಯಲ್ಲಿ, ಇದೇ ಹುಡುಗಿಯ ಗಣಿತದ ತಪ್ಪುಗಳಿಗೆ ಮಾತ್ರ ಈ ಸಹನೆ ದೊರೆಯದಿರುವದು ನಮಗೆ ಸೋಜಿಗವಾಗಿ ತೋರುವದು.

ಹಂಸಭಾವಿಯಿರುವ ಹಿರೇಕೆರೂರು ತಾಲೂಕಿನಲ್ಲಿಯೇ ಅಬಲೂರು ಇದೆ. ತ್ರಿಪದಿಗಳ ಕವಿ ಸರ್ವಜ್ಞನಿಗೂ ಆ ಊರಿಗೂ ಪರಂಪರೆಯಿಂದ ನಂಟನ್ನು ಹೇಳುವರು. ಎಲ್ಲವನ್ನೂ ಬಲ್ಲವನೆಂಬ ಹೆಸರನ್ನು ಹೊತ್ತ ಆ ಕವಿಯು, ಆ ಹೆಸರು ತನಗೆ ಗರ್ವದಿಂದ ಬಂದುದಲ್ಲ, ಕಂಡ ಕಂಡವರಿಂದ ಕಲಿತುದರಿಂದ ಬಂದುದೆಂದು ತಾನೇ ಹೇಳಿಕೊಂಡಿರುವನು. ಒಂದೊಂದೇ ಮಾತನ್ನು ಕೂಡಿಸುತ್ತ ಹೋಗುವದೆಂಬುದನ್ನು ಅಕ್ಷರಶಃ ನಡೆಸಿ ತೋರಿಸಿದ ಇನ್ನೊಬ್ಬರಿದ್ದಾರೆ. ನಮ್ಮ ವಿಷಯಕ್ಕೆ ಅವರಿಗಿಂತ ತಕ್ಕ ನಿದರ್ಶನವು ನಮಗೆ ತೋರದು.

ರೆವರೆಂಡ್ ಫರ್ಡಿನಂಡ್ ಕಿಟೆಲ್ಲರು 1832ರಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಕಡಲಸೀಮೆಯಲ್ಲಿ ಜನಿಸಿದರು. ಬಳ್ಳಾರಿಯ ಲಂಡನ್ ಮಿಶನ್ನಿನಲ್ಲಿದ್ದ ವಿಲಿಯಂ ರೀವ್ ಎಂಬವರ ಕನ್ನಡ–ಇಂಗ್ಲಿಷ್ ಕೋಶವು ಅಚ್ಚಾದುದೂ ಅದೇ ವರುಷ. ಕಿಟೆಲ್ಲರು ಬಾಸೆಲ್ ಮಿಶನ್ನಿನವರಾಗಿ 1853ರಲ್ಲಿ ಈ ದೇಶಕ್ಕೆ ಬಂದು, ಧಾರವಾಡ–ಹುಬ್ಬಳ್ಳಿಯ ಸೀಮೆಯಲ್ಲಿಯೂ ಮಂಗಳೂರಿನಲ್ಲಿಯೂ ಕೊಡಗಿನಲ್ಲಿಯೂ ಇದ್ದು ಕನ್ನಡವನ್ನು ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪರಿಷ್ಕರಿಸಿ ಪ್ರಕಟಿಸಿದರು. ನಡುವೆ ಸ್ವದೇಶಕ್ಕೆ ಹೋಗಿದ್ದವರು ಶಬ್ದಕೋಶದ ಕೆಲಸಕ್ಕಾಗಿ ಮರಳಿ ಬಂದರು. ಕಡೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ಆ ಮಹಾಕೋಶವು ಮಂಗಳೂರಿನಲ್ಲಿ ಬೆಳಕು ಕಂಡಿತು. ಆಗ ಅವರಿಗೆ ಅರುವತ್ತೆರಡು ವರುಷ.

ಇಲ್ಲಿ ನಾವು ಗಮನಿಸಬೇಕಾದುದು ಅವರ ಪರಿಶ್ರಮವೊಂದನ್ನೇ ಅಲ್ಲ. ಅವರು ಆ ಕೋಶವನ್ನು ಅಚ್ಚಿಗೆ ಕೊಟ್ಟರೆಂಬುದನ್ನು. ಬಾಳುವ ಭಾಷೆಯ ಶಬ್ದಕೋಶವು ಎಂದಿಗೂ ಮುಗಿಯದ ಕೆಲಸ. ಒಂದು ಊರಿನ ಶಬ್ದಗಳನ್ನು ಕೂಡಿಸುವಷ್ಟರಲ್ಲಿ ಇನ್ನೊಂದೂರಿನಲ್ಲಿ ಹೊಸವು ಹುಟ್ಟಿರುವವು. ಒಂದು ಶಬ್ದವೂ ಬಿಡಬಾರದು, ಒಂದು ಅರ್ಥವೂ ತಪ್ಪಬಾರದೆಂದು ಕುಳಿತಿದ್ದರೆ ಕಿಟೆಲ್ಲರ ಚೀಟಿಗಳು ಪೆಟ್ಟಿಗೆಯಲ್ಲಿಯೇ ಉಳಿದು ಹುಳುಗಳ ಪಾಲಾಗುತ್ತಿದ್ದವು. ಅವರು ಊಹಿಸಿದ ಶಬ್ದಮೂಲಗಳನ್ನೆಲ್ಲ ಮುಂದಿನ ಪಂಡಿತರು ಒಪ್ಪಲಿಲ್ಲ. ಆದರೇನು? ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಹೊರತಂದಾಗ ಕನ್ನಡಕ್ಕೆ ಮುಖ್ಯವಾಗಿ ಕಿಟೆಲ್ಲರನ್ನೇ ಆಧರಿಸಿದರು. ಮರಿಯಪ್ಪ ಭಟ್ಟರು ಆ ಕೋಶವನ್ನು ತಿದ್ದಿ ಬೆಳೆಸಿದುದನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟವು 1970ರಲ್ಲಿ ಬಂದು, ಎಂಟನೆಯದು 1995ರಲ್ಲಿ ಮುಗಿಯಿತು. ಅದರಲ್ಲಿ ದುಡಿದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಆ ಮೇಲೆಯೂ ‘ಪ್ರಜಾವಾಣಿ’ಯ ಓದುಗರ ಶಬ್ದಸಂದೇಹಗಳಿಗೆ ಬಹುಕಾಲ ಉತ್ತರ ಬರೆಯುತ್ತಿದ್ದರು, ಅವರು ತೀರಿಕೊಂಡುದು 2021ರಲ್ಲಿ, ನೂರೇಳರ ವಯಸ್ಸಿನಲ್ಲಿ. ರೀವರ ಮೇಲೆ ಕಿಟೆಲ್ಲರು, ಕಿಟೆಲ್ಲರ ಮೇಲೆ ಇವರು. ಯಾರದೂ ಕಡೆಯ ಮಾತಾಗಲಿಲ್ಲ. ಕಿಟೆಲ್ಲರಾದರೂ ಕೋಶವಾಯಿತೆಂದು ಕೈಕಟ್ಟಿ ಕೂಡದೆ ಕನ್ನಡ ವ್ಯಾಕರಣವನ್ನು ಬರೆದರು. ಅದು ಅಚ್ಚಾದ 1903ರಲ್ಲಿಯೇ ಅವರು ಕಾಲವಾದರು.

ಈಚಿನ ಮನಶ್ಶಾಸ್ತ್ರಜ್ಞರೂ ಈ ವಿಷಯವನ್ನು ಬಹಳವಾಗಿ ಶೋಧಿಸಿರುವರು. ಕೆನಡಾ ದೇಶದ ಹೆವಿಟ್ ಮತ್ತು ಫ್ಲೆಟ್ ಎಂಬವರು 1991ರಲ್ಲಿ ಪರಿಪೂರ್ಣತೆಯ ಗೀಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ತಾನೇ ಅದನ್ನು ಬೇಡುವದು, ಇತರರಿಂದ ಬೇಡುವದು, ಇತರರು ತನ್ನಿಂದ ಅದನ್ನೇ ಬೇಡುತ್ತಿರುವರೆಂದು ನಂಬುವದು. ಈ ಮೂರನೆಯದೇ ಹೆಚ್ಚು ಕೇಡಿನದೆಂದೂ ಅದಕ್ಕೂ ಮನೋವ್ಯಥೆಗೂ ಹತ್ತಿರದ ಸಂಬಂಧವಿದೆಯೆಂದೂ ತಿಳಿದುಬಂದಿದೆ. ಕರನ್ ಮತ್ತು ಹಿಲ್ ಎಂಬ ಇಬ್ಬರು ಅಮೇರಿಕ, ಕೆನಡಾ, ಬ್ರಿಟನ್ನುಗಳ 41,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಕೂಡಿಸಿ ನೋಡಿದರು. 1989ರಿಂದ 2016ರ ವರೆಗೆ ಮೂರೂ ಬಗೆಗಳು ಏರಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಏರಿದ್ದುದು ಆ ಮೂರನೆಯದು. ಅದು ಪರದೇಶದ ಲೆಕ್ಕವೆಂದು ತಳ್ಳಿಬಿಡಬಹುದು. ಆದರೆ ನಮ್ಮ ಹತ್ತನೆಯ ತರಗತಿಯ ಫಲಿತಾಂಶದ ದಿನದಂದು ಯಾವುದಾದರೂ ಮನೆಯ ಜಗುಲಿಯಲ್ಲಿ ಕುಳಿತು ಕೇಳಿದರೆ ಆ ಮೂರನೆಯ ಬಗೆ ನಮಗೂ ಅಪರಿಚಿತವಲ್ಲವೆಂದು ತಿಳಿಯುವದು. 625ಕ್ಕೆ 580 ಅಂಕಗಳನ್ನು ಪಡೆದವಳು ಅಳುತ್ತಿರುವಳು. ಪಕ್ಕದ ಮನೆಯವಳಿಗೆ 590 ಬಂದಿರುವವು.

ಇಷ್ಟನ್ನು ಓದಿದ ಕೆಲವರು, ಹಾಗಾದರೆ ತಪ್ಪುಗಳನ್ನು ಎಣಿಸಬಾರದೋ, ‘ಇಷ್ಟು ಸಾಕು ಬಿಡು’ ಎಂದು ಮಕ್ಕಳಿಗೆ ಕಲಿಸೋಣವೋ ಎಂದು ಕೇಳಬಹುದು. ಅದು ನಮ್ಮ ಅಭಿಪ್ರಾಯವಲ್ಲ. ಮಗ್ಗಿಯಲ್ಲಿ ಏಳು ಎಂಟಲಿ ಐವತ್ತಾರೇ. ಐವತ್ತೈದಕ್ಕೆ ಅರ್ಧ ಅಂಕವೂ ಸಲ್ಲದು. ದಾದಿಯ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ಔಷಧವನ್ನು ಅಳೆಯುವಾಗ ಹನಿಯಷ್ಟೂ ಹೆಚ್ಚುಕಡಿಮೆಯಾಗಲು ಬಿಡರು. ಆದರೆ ಆಕೆ ಅದನ್ನು ಸಾಧಿಸುವದು ಹೇಗೆ? ಸೀಸೆಯ ಮೇಲಿನ ಹೆಸರನ್ನು ಎರಡು ಸಾರೆ ಓದುವಳು. ಅಪಾಯದ ಔಷಧವಾದರೆ ಇನ್ನೊಬ್ಬ ದಾದಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳುವಳು. ತನ್ನ ಕಣ್ಣು ತಪ್ಪಬಹುದೆಂದು ಒಪ್ಪಿಕೊಂಡವಳಿಂದಲೇ ತಪ್ಪಿಲ್ಲದ ಕೆಲಸವು ಆಗುವದು. ತಾನು ತಪ್ಪುವವಳೇ ಅಲ್ಲವೆಂದು ತೋರಿಸಿಕೊಳ್ಳಬೇಕಾದವಳು ಇನ್ನೊಬ್ಬರನ್ನು ಕೇಳಲು ನಾಚುವಳು, ಆದ ತಪ್ಪನ್ನು ಮುಚ್ಚುವಳು. ಕೆಲಸದ ಶುದ್ಧಿಯೇ ಬೇರೆ, ತನ್ನ ಹೆಸರಿಗೆ ಕಳಂಕ ತಗಲಬಾರದೆಂಬ ಅಂಜಿಕೆಯೇ ಬೇರೆ. ಮಕ್ಕಳಲ್ಲಿ ಬೆಳೆಸಬೇಕಾದುದು ಮೊದಲನೆಯದನ್ನು.

ಹಳೆಯ ವಿದ್ಯಾರ್ಥಿನಿಯರಿಗೂ ಇದರಲ್ಲಿ ಭಾಗವಿದೆ. ಹೆಣ್ಣಿನ ಮೇಲೆ ಮನೆತನದ ಮರ್ಯಾದೆಯ ಭಾರವನ್ನು ಹೊರಿಸುವ ವಾಡಿಕೆಯು ಇನ್ನೂ ಹೋಗಿಲ್ಲ. ಮನೆ, ಮಕ್ಕಳು, ನೌಕರಿ ಮೂರರಲ್ಲಿಯೂ ಬೆರಳು ತೋರಿಸಲು ಎಡೆಯಿರಬಾರದೆಂದು ಬಳಲುವವರು ನಿಮ್ಮಲ್ಲಿ ಅನೇಕರಿರುವಿರಿ. ಶಾಲೆಯಲ್ಲಿ ಚೆನ್ನಾಗಿ ಹಾಡುತ್ತಿದ್ದವರು ‘ಈಗ ಮೊದಲಿನಂತೆ ಬರುವದಿಲ್ಲ’ ಎಂದು ಹಾರ್ಮೋನಿಯಂ ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವರು. ಮೊದಲಿನಂತೆ ಬಾರದಿದ್ದರೆ ಇದ್ದಂತೆ ಹಾಡಬಹುದಲ್ಲವೇ? ತಾಯಿಯು ಅಪಸ್ವರ ಬಂದಾಗ ನಕ್ಕು ಮತ್ತೊಮ್ಮೆ ಹಾಡುವದನ್ನು ಮಗಳು ಕೇಳುವಳು. ನಾವು ತರಗತಿಯಲ್ಲಿ ಮಾಡುವ ಉಪದೇಶಕ್ಕಿಂತ ಅದು ಆಕೆಗೆ ಬೇಗ ತಿಳಿಯುವದು.

ಇನ್ನು ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮಕ್ಕಳು ಮನೆಗೆ ತಂದಾಗ, ನೂರಕ್ಕೆ ತೊಂಬತ್ತೊಂದು ಬಂದವಳನ್ನು ‘ಯಾಕವ್ವಾ, ಉಳಿದ ಒಂಬತ್ತು ಎಲ್ಲಿಗೆ ಹೋದವು?’ ಎಂದು ಕೇಳುವದು ಬಹುಮಟ್ಟಿಗೆ ರೂಢಿಯಾಗಿದೆ. ಕೇಳುವವರ ಮನಸ್ಸಿನಲ್ಲಿ ವಾತ್ಸಲ್ಯವೇ ಇರುವದು. ಆದರೆ ಕೇಳಿಸಿಕೊಂಡವಳು ಮುಂದಿನ ಸಾರೆ ಪತ್ರಿಕೆಯನ್ನು ಪುಸ್ತಕಗಳ ಅಡಿಯಲ್ಲಿ ಬಚ್ಚಿಡುವಳು. ಅದರ ಬದಲು ಕೆಂಪು ಗೆರೆ ಬಿದ್ದ ಒಂದು ಲೆಕ್ಕವನ್ನು ಆರಿಸಿಕೊಂಡು, ‘ಇದು ಎಲ್ಲಿ ತಪ್ಪಿತು, ನನಗೂ ತೋರಿಸು’ ಎಂದು ಪಕ್ಕದಲ್ಲಿ ಕುಳಿತು ನೋಡಿರಿ. ನಿಮಗೆ ಆ ಗಣಿತ ಬಾರದಿದ್ದರೂ ಚಿಂತೆಯಿಲ್ಲ. ಬಾರದಿದ್ದರೆ ಇನ್ನೂ ಒಳ್ಳೆಯದು, ಆಕೆಯೇ ನಿಮಗೆ ಕಲಿಸಬೇಕಾಗುವದು. ಹಾಗೆಯೇ ಈ ಸಾರೆ ಹೊಸದಾಗಿ ಯಾವ ಪ್ರಶ್ನೆಗೆ ಕೈ ಹಾಕಿದೆಯೆಂದು ವಿಚಾರಿಸಿರಿ. ಹರಿದ ಹಾಳೆಗಳಿಂದ ನೋಟುಪುಸ್ತಕವು ತೆಳುವಾಗಿದ್ದರೆ, ಪೆನ್ಸಿಲಿನಿಂದ ಬರೆದು ಅಡ್ಡಗೆರೆ ಎಳೆದು ಕೆಳಗೆ ಸರಿಯಾದುದನ್ನು ಬರೆಯುವದಕ್ಕೆ ಹೇಳಿರಿ. ತಪ್ಪಿದ್ದೂ ತಿದ್ದಿದ್ದೂ ಒಂದೇ ಹಾಳೆಯಲ್ಲಿ ಕಾಣುವಂತಹ ನೋಟುಪುಸ್ತಕಗಳನ್ನು ನಾವು ಕೊಳಕೆಂದು ಹಿಂದಿರುಗಿಸುವದಿಲ್ಲ.