ಗಾಯ ಮಾಯದಿದ್ದರೆ ಮುಲಾಮು ಬದಲಿಸುವ ಮುನ್ನ

ಮಳೆಗಾಲ ಶುರುವಾದರೆ ಖಾನಾಪುರ ಕಡೆಯ ರೈತರು ನನ್ನನ್ನು ಕೇಳುವುದು ಇದನ್ನೇ: "ಸರ್, ಎಮ್ಮಿ ಕಾಲಿನ ಗಾಯಕ್ಕ ಮೂರು ಥರದ ಮುಲಾಮು ಹಚ್ಚೀವಿ, ಮಾಯವಲ್ದು." ಕೆಸರುಗದ್ದೆಯಲ್ಲಿ ನಿಂತ ಕೆಲವರ ಕಾಲಿನ ಹುಣ್ಣಿನ ಕಥೆಯೂ ಇದೇ.

ಅರ್ಧಕ್ಕೆ ಬಿಟ್ಟ ಆಂಟಿಬಯೋಟಿಕ್ ಗಟ್ಟಿ ರೋಗಾಣುಗಳನ್ನು ಉಳಿಸುತ್ತದೆ. ಅವೇ ಬೆಳೆದು ಹಬ್ಬಿದರೆ ಮುಂದೆ ಅದೇ ಔಷಧಿ ನಾಟುವುದಿಲ್ಲ.

ಪೆಪ್ಟೈಡ್ ಎಂದರೇನು?

ಇವು ಪ್ರೋಟೀನಿನ ಚಿಕ್ಕ ತುಣುಕುಗಳು. ನಮ್ಮ ಚರ್ಮ, ದನದ ಬಿಳಿ ರಕ್ತಕಣ, ಕಪ್ಪೆಯ ತೊಗಲು ಇವನ್ನು ತಾವೇ ತಯಾರಿಸುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶವಿದೆ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ. ಹೀಗಾಗಿ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತವೆ. ಇಡೀ ಪೊರೆ ಬದಲಿಸಿಕೊಳ್ಳುವುದು ರೋಗಾಣುವಿಗೆ ಸುಲಭವಲ್ಲ. ವಿಜ್ಞಾನಿಗಳ ಆಸೆ ಇರುವುದೇ ಅಲ್ಲಿ.

1987ರಲ್ಲಿ ಮೈಕೆಲ್ ಝಾಸ್ಲೋಫ್ ಆಫ್ರಿಕದ ಕಪ್ಪೆಯ ಚರ್ಮದಲ್ಲಿ 'ಮ್ಯಾಗೈನಿನ್' ಕಂಡುಹಿಡಿದರು. ಅದರಿಂದ ಮಾಡಿದ 'ಪೆಕ್ಸಿಗನಾನ್' ಮುಲಾಮನ್ನು ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಪರೀಕ್ಷಿಸಿದರೂ 1999ರಲ್ಲಿ ಅಮೆರಿಕದ ಅನುಮತಿ ಸಿಗಲಿಲ್ಲ. ತಯಾರಿ ಖರ್ಚು ಹೆಚ್ಚು, ದೇಹದ ಕಿಣ್ವಗಳು ಪೆಪ್ಟೈಡನ್ನು ಬೇಗ ಒಡೆಯುತ್ತವೆ: ಈ ಜಾತಿಯ ಔಷಧಿಗಳಿಗೆಲ್ಲ ಇವೇ ತೊಡಕು. ಹಂಗಂತ ಭೀಮಗಡ ಕಾಡಿನ ಕಪ್ಪೆ ಹಿಡಿದು ಗಾಯಕ್ಕ ಉಜ್ಜಬ್ಯಾಡ್ರಿ!

ಕೊಲಿಸ್ಟಿನ್ ಕಲಿಸಿದ ಪಾಠ

ಕೊಲಿಸ್ಟಿನ್ ಕೂಡ ಪೆಪ್ಟೈಡ್ ಜಾತಿಯದೇ. ಬೇರೆ ಔಷಧಿ ನಾಟದ ರೋಗಿಗೆ ಕೊನೆಯ ಆಸರೆ. ಕೋಳಿ, ಹಂದಿಗಳ ಮೇವಿನಲ್ಲಿ ಬೇಕಾಬಿಟ್ಟಿ ಬೆರೆಸಿದ್ದರಿಂದ ಅದಕ್ಕೂ ಜಗ್ಗದ ರೋಗಾಣು ಬಂದವು. 2015ರಲ್ಲಿ ಚೀನಾದಲ್ಲಿ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ನಿರೋಧಕ ಜೀನ್ ಪತ್ತೆಯಾಯಿತು. ಭಾರತ 2019ರ ಜುಲೈಯಲ್ಲಿ ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿ, ಮೀನಿನಲ್ಲಿ ಅದರ ಬಳಕೆ ನಿಷೇಧಿಸಿತು. ಎಂಥ ಹೊಸ ಔಷಧಿಯೂ ದುರ್ಬಳಕೆಯ ಮುಂದೆ ಉಳಿಯದು.

ನೀವು ಮಾಡಬೇಕಾದದ್ದು

- ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆದು, ಒರೆಸಿ, ನೊಣ ಕೂರದಂತೆ ನೋಡಿಕೊಳ್ಳಿ. ದನದ ನೆಲ ಒಣಗಿರಲಿ.
- ಗಾಯ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ರೋಗಾಣು ದನದಿಂದ ಮನುಷ್ಯರಿಗೂ ದಾಟಬಹುದು.
- ಎರಡು-ಮೂರು ದಿನದಲ್ಲಿ ಗಾಯ ಸುಧಾರಿಸದಿದ್ದರೆ ಮತ್ತೊಂದು ಟ್ಯೂಬ್ ತರಬೇಡಿ. ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಲು ಪಶುವೈದ್ಯರಿಗೆ ಹೇಳಿ. ಯಾವ ಔಷಧಿ ನಾಟುತ್ತದೆಂದು ಅದು ತಿಳಿಸುತ್ತದೆ.
- ವೈದ್ಯರು ಹೇಳಿದಷ್ಟು ದಿನ ಔಷಧಿ ಪೂರ್ತಿ ಕೊಡಿ. ಅವರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲು ಡೇರಿಗೆ ಹಾಕಬೇಡಿ.
- ಸಕ್ಕರೆ ಕಾಯಿಲೆ ಇದ್ದು ಕಾಲಿಗೆ ಗಾಯವಾದರೆ, ಅಥವಾ ಕೆಂಪು ಮೇಲೇರಿ ಜ್ವರ ಬಂದರೆ, ಅದೇ ದಿನ ಖಾನಾಪುರ ತಾಲ್ಲೂಕು ಆಸ್ಪತ್ರೆ ಅಥವಾ ಬೆಳಗಾವಿಯ ಬಿಮ್ಸ್‌ಗೆ ಹೋಗಿ. ನಾಟಿ ಮುಗೀಲಿ ಅಂತ ಕಾಯಬ್ಯಾಡ್ರಿ. ಕಾಲು ಉಳಿದರ ನಾಟಿ ಮುಂದಿನ ವರ್ಷಾನೂ ಐತಿ.